ತಮಾಷೆಗೆಂದು ಮಾಡಿದ್ದು ಪ್ರಾಣ ತೆಗೆದಾಗ ಹೊಣೆ ಯಾರದು?

2012ರ ಡಿಸೆಂಬರ್ 4. ಲಂಡನ್ನಿನಲ್ಲಿ ಬೆಳಗಿನ ಜಾವ ಸುಮಾರು ಐದೂವರೆ ಗಂಟೆ. ಕಿಂಗ್ ಎಡ್ವರ್ಡ್ ಆಸ್ಪತ್ರೆಯ ಫೋನ್ ಹೊಡೆದುಕೊಂಡಿತು. ಆ ಹೊತ್ತಿಗೆ ಸ್ವಾಗತಕಾರರು ಇನ್ನೂ ಬಂದಿರಲಿಲ್ಲ. ರಾತ್ರಿ ಪಾಳಿಯಲ್ಲಿದ್ದ ನರ್ಸ್ ಒಬ್ಬರು ಫೋನ್ ಎತ್ತಿಕೊಂಡರು. ಆ ಕಡೆಯ ಹೆಣ್ಣುದನಿ ಇಂಗ್ಲೆಂಡಿನ ರಾಣಿಯ ಧಾಟಿಯಲ್ಲಿ ಮಾತನಾಡುತ್ತ, ಆಸ್ಪತ್ರೆಯಲ್ಲಿದ್ದ ಗರ್ಭಿಣಿ ಯುವರಾಣಿ ಕೇಟ್ ಅವರನ್ನು ಕೇಳಿತು. ನರ್ಸ್ ವಿನಯದಿಂದ ಸ್ವಲ್ಪ ತಡೆಯಲು ಹೇಳಿ ಕರೆಯನ್ನು ವಾರ್ಡಿಗೆ ವರ್ಗಾಯಿಸಿದರು. ಅವರು ಮಾಡಿದ್ದು ಅಷ್ಟೇ, ಕೆಲವೇ ಸೆಕೆಂಡುಗಳ ಕೆಲಸ. ವಾರ್ಡಿನಲ್ಲಿದ್ದ ಇನ್ನೊಬ್ಬ ನರ್ಸ್ ಕೂಡ ರಾಣಿಯೇ ಎಂದು ನಂಬಿ ರೋಗಿಯ ಆರೋಗ್ಯದ ವಿವರ ಹೇಳಿಬಿಟ್ಟರು. ಕರೆ ಮಾಡಿದ್ದವರು ಆಸ್ಟ್ರೇಲಿಯಾದ ಸಿಡ್ನಿಯ ಟೂಡೇ ಎಫ್‌ಎಂ ರೇಡಿಯೊದ ಇಬ್ಬರು ನಿರೂಪಕರು. ಕೆಲವು ಗಂಟೆಗಳ ನಂತರ ಆ ಧ್ವನಿಮುದ್ರಣ ಪ್ರಸಾರವಾಯಿತು, ಮರುದಿನದ ಹೊತ್ತಿಗೆ ಜಗತ್ತೆಲ್ಲ ಅದನ್ನು ಕೇಳಿ ನಗುತ್ತಿತ್ತು.

ಮೂರು ದಿನಗಳ ನಂತರ, ಡಿಸೆಂಬರ್ 7ರಂದು, ಮೊದಲು ಫೋನ್ ಎತ್ತಿದ್ದ ಆ ನರ್ಸ್ ಇನ್ನಿಲ್ಲವಾಗಿದ್ದರು. ಅವರು ಮಂಗಳೂರಿನಲ್ಲಿ ಹುಟ್ಟಿದವರು. ಗಂಡನ ಊರು ಉಡುಪಿ ಜಿಲ್ಲೆಯ ಶಿರ್ವ. ಅದೇ ತಿಂಗಳ 17ರಂದು ಶಿರ್ವದ ಚರ್ಚಿನ ಮಣ್ಣಿನಲ್ಲಿ ಅವರ ಅಂತ್ಯಸಂಸ್ಕಾರವಾಯಿತು. ಕರಾವಳಿಯ ಎಷ್ಟೋ ಮನೆಗಳಿಂದ ಹೆಣ್ಣುಮಕ್ಕಳು ನರ್ಸ್ ಕೆಲಸಕ್ಕಾಗಿ ಗಲ್ಫಿಗೂ ಇಂಗ್ಲೆಂಡಿಗೂ ಹೋಗಿದ್ದಾರೆ. ರಾತ್ರಿ ಪಾಳಿ, ಪರಭಾಷೆ, ಕೆಲಸದಲ್ಲಿ ಒಂದು ಚುಕ್ಕೆಯೂ ಬೀಳಬಾರದೆಂಬ ಕಟ್ಟುನಿಟ್ಟು ಎಲ್ಲವನ್ನೂ ಬಲ್ಲ ಮನೆಗಳು ಅವು. ಅಲ್ಲಿ ಈ ಸುದ್ದಿ ಬರಿಯ ವಿದೇಶಿ ಸುದ್ದಿಯಾಗಿ ಉಳಿಯುವುದು ಸಾಧ್ಯವೇ ಇರಲಿಲ್ಲ. ನಗಿಸಲೆಂದು ಮಾಡಿದ ಕೆಲಸದ ಕೊನೆಗೆ ಒಂದು ಸಾವು ನಿಂತಿದ್ದರೆ, ಮಾಡಿದವರನ್ನು ಕಾನೂನು ಏನೆಂದು ಕರೆಯುತ್ತದೆ?

ಇಂಗ್ಲೆಂಡಿನ ಪ್ರಾಸಿಕ್ಯೂಷನ್ ಇಲಾಖೆ 2013ರ ಫೆಬ್ರವರಿ 1ರಂದು ತನ್ನ ಉತ್ತರ ಹೇಳಿತು. ನರಹತ್ಯೆಯ ಆರೋಪಕ್ಕೆ ಸಾಕ್ಷ್ಯವಿಲ್ಲ. ಖಾಸಗಿ ಮಾಹಿತಿ ರಕ್ಷಣೆಯ ಕಾಯ್ದೆ ಮತ್ತು ದುರುದ್ದೇಶದ ಸಂದೇಶಗಳ ಕಾಯ್ದೆಗಳಡಿ ಕೆಲವು ಅಪರಾಧಗಳಿಗೆ ಒಂದಿಷ್ಟು ಸಾಕ್ಷ್ಯವಿದೆ. ಆದರೆ ಅಂಥ ಅಪರಾಧಕ್ಕೆ ಆಸ್ಟ್ರೇಲಿಯಾದಿಂದ ಆರೋಪಿಗಳನ್ನು ಕರೆತರಲಾಗದು, ಎಷ್ಟೇ ಅವಿವೇಕದ್ದಾದರೂ ಕರೆಯ ಹಿಂದಿದ್ದದ್ದು ಹಾನಿಯಿಲ್ಲದ ತಮಾಷೆಯ ಉದ್ದೇಶ, ಆದ್ದರಿಂದ ಮೊಕದ್ದಮೆ ಹೂಡುವುದು ಸಾರ್ವಜನಿಕ ಹಿತಕ್ಕೆ ತಕ್ಕದ್ದಲ್ಲ. 2014ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಮರಣ ವಿಚಾರಣಾಧಿಕಾರಿ ಇದನ್ನು ಆತ್ಮಹತ್ಯೆ ಎಂದು ದಾಖಲಿಸಿದರು. ವಿಚಾರಣೆಗೆ ಬಂದಿದ್ದ ನಿರೂಪಕಿ ಕುಟುಂಬದವರ ಮುಂದೆ ಕ್ಷಮೆ ಕೇಳಿದರು.

ಈ ಉತ್ತರ ಕೇಳಿದ ಯಾರಿಗಾದರೂ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ನನಗೂ ಆಗಿತ್ತು. ಆದರೆ ಕಾನೂನು ಹೀಗೇಕೆ ಹೇಳಿತು ಎಂಬುದನ್ನು ತಿಳಿಯಲು ಅದರ ಹಳೆಯ ಲೆಕ್ಕಾಚಾರ ನೋಡಬೇಕು. ಅದರ ದೃಷ್ಟಿಯಲ್ಲಿ ‘ತಮಾಷೆ’ ಎಂಬ ಮಾತು ಯಾರನ್ನೂ ಬಿಡಿಸುವುದಿಲ್ಲ, ಯಾರನ್ನೂ ಸಿಕ್ಕಿಸುವುದೂ ಇಲ್ಲ. ಕೊಲ್ಲುವ ಉದ್ದೇಶ ಇರಲಿಲ್ಲ ಎಂಬುದಕ್ಕೆ ಅದು ಒಂದು ಸುಳಿವು, ಅಷ್ಟೇ. ಉದ್ದೇಶ ಇಲ್ಲವಾದ ಮೇಲೂ ಎರಡು ಪ್ರಶ್ನೆಗಳು ಉಳಿಯುತ್ತವೆ. ಅಪಾಯ ಗೊತ್ತಿತ್ತೇ? ಗೊತ್ತಿರಬೇಕಾಗಿತ್ತೇ?

‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎನ್ನುತ್ತೇವೆ. ಆದರೆ ಗಾದೆಯ ಬೆಕ್ಕಿಗೆ ತನ್ನ ಉಗುರು ಎಷ್ಟು ಚೂಪು ಎಂಬುದು ಗೊತ್ತಿರುತ್ತದೆ. ಕುಚೋದ್ಯ ಮಾಡುವ ಮನುಷ್ಯನಿಗೆ ತನ್ನ ಕೈಯಲ್ಲಿ ಉಗುರಿದೆ ಎಂಬುದೇ ಎಷ್ಟೋ ಸಲ ಹೊಳೆದಿರುವುದಿಲ್ಲ. ನ್ಯಾಯಾಲಯಗಳು ನೂರಾರು ವರ್ಷಗಳಿಂದ ತಲೆ ಕೆಡಿಸಿಕೊಂಡಿರುವುದು ಈ ವ್ಯತ್ಯಾಸದ ಮೇಲೆಯೇ.

ಈ ವಿಷಯದ ಮೂಲ ತೀರ್ಪು ಎನ್ನಬಹುದಾದದ್ದು 1897ರದು, ವಿಲ್ಕಿನ್ಸನ್ ವಿರುದ್ಧ ಡೌನ್‌ಟನ್. ಲಂಡನ್ನಿನಲ್ಲಿ ಪಬ್ ನಡೆಸುತ್ತಿದ್ದ ವಿಲ್ಕಿನ್ಸನ್ ಅಂದು ಕುದುರೆ ಪಂದ್ಯ ನೋಡಲು ಹೋಗಿದ್ದರು. ಪಬ್ಬಿಗೆ ಬಂದ ಗಿರಾಕಿ ಡೌನ್‌ಟನ್, ವಿಲ್ಕಿನ್ಸನ್ ಅವರ ಹೆಂಡತಿಗೆ ಒಂದು ಕಟ್ಟುಕತೆ ಹೇಳಿದ. ನಿಮ್ಮ ಗಂಡನಿಗೆ ಅಪಘಾತವಾಗಿ ಎರಡೂ ಕಾಲು ಮುರಿದಿವೆ, ಲೇಟನ್‌ಸ್ಟೋನ್‌ನಲ್ಲಿ ಬಿದ್ದುಕೊಂಡಿದ್ದಾರೆ, ಎರಡು ದಿಂಬು ತೆಗೆದುಕೊಂಡು ಗಾಡಿ ಮಾಡಿಕೊಂಡು ಬೇಗ ಹೋಗಿ ಕರೆತನ್ನಿ ಎಂದ. ಆ ಎರಡು ದಿಂಬಿನ ಮಾತನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಸುಳ್ಳು ನಿಜವಾಗಿ ಕಾಣಲೆಂದು ಹುಡುಕಿ ಸೇರಿಸಿದ ವಿವರ ಅದು. ಆ ಹೆಂಗಸು ಆಘಾತಕ್ಕೆ ಸಿಕ್ಕಿ ವಾಂತಿ ಮಾಡಿಕೊಂಡು ವಾರಗಟ್ಟಲೆ ನರಳಿದರು. ಅವರಿಗೆ ಅದಕ್ಕೆ ಮುಂಚೆ ಯಾವ ಕಾಯಿಲೆಯೂ ಇರಲಿಲ್ಲ. ಡೌನ್‌ಟನ್ ಮುಟ್ಟಿರಲಿಲ್ಲ, ಹೊಡೆದಿರಲಿಲ್ಲ, ಹಣ ಕಿತ್ತುಕೊಂಡಿರಲಿಲ್ಲ. ಆಗಿನ ಕಾನೂನಿನಲ್ಲಿ ಬರೀ ಮಾತಿನಿಂದ ಆದ ಮಾನಸಿಕ ಆಘಾತಕ್ಕೆ ಪರಿಹಾರ ಕೊಡಿಸುವ ಹಾದಿ ಸ್ಪಷ್ಟವಾಗಿರಲಿಲ್ಲ. ನ್ಯಾಯಮೂರ್ತಿ ರೈಟ್ ಹೊಸ ಹಾದಿ ತೆಗೆದರು. ಯಾರಿಗಾದರೂ ತೀವ್ರ ಆಘಾತ ತಟ್ಟಿಯೇ ತಟ್ಟುವಂಥ ಮಾತನ್ನು ಬೇಕೆಂದೇ ಆಡಿದ ಮೇಲೆ, ಇಷ್ಟೊಂದು ಆಗುತ್ತದೆ ಎಂದುಕೊಂಡಿರಲಿಲ್ಲ ಎನ್ನುವುದು ನೆಪವಾಗದು ಎಂದರು. ಸಿಕ್ಕ ಪರಿಹಾರ: ಆಘಾತಕ್ಕೆ ನೂರು ಪೌಂಡ್, ಗಂಡನಿಗಾಗಿ ಜನರನ್ನು ರೈಲಿನಲ್ಲಿ ಕಳಿಸಿದ ಖರ್ಚಿಗೆ ಒಂದು ಷಿಲಿಂಗ್ ಹತ್ತೂವರೆ ಪೆನ್ಸ್.

ಇದು ಸಿವಿಲ್ ದಾವೆ. ತಪ್ಪು ಮಾಡಿದವನಿಂದ ಹಣ ಕೊಡಿಸುವುದು ಅದರ ಗುರಿ. ಜೈಲಿಗೆ ಕಳಿಸಬೇಕಾದರೆ ಕಾನೂನಿನ ತಕ್ಕಡಿ ಇನ್ನೂ ಬಿಗಿಯಾಗುತ್ತದೆ.

ಒಂದೇ ದಶಕದ ಅಂತರದ ಎರಡು ಇಂಗ್ಲಿಷ್ ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1967ರಲ್ಲಿ ತೀರ್ಪಾದ ಮೊದಲನೆಯದರಲ್ಲಿ ಯುವಕನೊಬ್ಬ ಐದು ಗುಂಡಿನ ರಿವಾಲ್ವರನ್ನು ಗೆಳೆಯನತ್ತ ತಮಾಷೆಗೆ ಗುರಿಯಿಟ್ಟ. ಅದರಲ್ಲಿ ಎರಡು ಗುಂಡುಗಳಿದ್ದವು, ಆದರೆ ನಳಿಗೆಯ ನೇರಕ್ಕಿದ್ದ ಗುಂಡಿನ ಮನೆ ಖಾಲಿ ಇತ್ತು. ಬಂದೂಕಿನ ಕುದುರೆ (ಟ್ರಿಗರ್) ಒತ್ತಿದರೆ ಗುಂಡಿನ ಚಕ್ರ ತಿರುಗಿ ಮುಂದಿನ ಮನೆ ಎದುರಿಗೆ ಬರುತ್ತದೆ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಇಬ್ಬರೂ ನಗುತ್ತಿದ್ದರು. ಗುಂಡು ಹಾರಿ ಗೆಳೆಯ ಸತ್ತ. ಮೇಲ್ಮನವಿ ನ್ಯಾಯಾಲಯ ಶಿಕ್ಷೆಯನ್ನು ರದ್ದು ಮಾಡಿತು. ಗೆಳೆಯನಿಗೇ ಭಯವಾಗಿರಲಿಲ್ಲವಾದ್ದರಿಂದ ಅಲ್ಲಿ ಹಲ್ಲೆ ಎಂಬ ಅಪರಾಧವೇ ಇರಲಿಲ್ಲ, ಆ ತಪ್ಪು ತಿಳಿವಳಿಕೆ ಬಂದೂಕಿನ ಬಗ್ಗೆ ತಿಳಿಯದವರಿಗೆ ಸಹಜವಾದದ್ದು ಎಂದು ತಜ್ಞರೂ ಹೇಳಿದ್ದರು.

ಎರಡನೆಯದರಲ್ಲಿ ಹದಿನೈದು ವರ್ಷದ ಇಬ್ಬರು ಹುಡುಗರು. 1974ರಲ್ಲಿ, ರೈಲು ಸೇತುವೆಯ ಕಟ್ಟೆಯ ಮೇಲಿದ್ದ ಕಲ್ಲು ಚಪ್ಪಡಿಯ ತುಂಡನ್ನು ಕೆಳಗೆ ಬರುತ್ತಿದ್ದ ರೈಲಿನತ್ತ ತಳ್ಳಿದರು. ಗಾಜು ಒಡೆದು ಒಳಬಂದ ಕಲ್ಲಿಗೆ ಚಾಲಕನ ಪಕ್ಕದಲ್ಲಿದ್ದ ಗಾರ್ಡ್ ಬಲಿಯಾದರು. ಹುಡುಗರು ಕೊಲ್ಲಲು ಹೊರಟವರಲ್ಲ. ಆದರೂ ಹೌಸ್ ಆಫ್ ಲಾರ್ಡ್ಸ್ 1976ರಲ್ಲಿ ನರಹತ್ಯೆಯ ತೀರ್ಮಾನವನ್ನು ಎತ್ತಿಹಿಡಿಯಿತು. ಈ ಹುಡುಗರಿಗೆ ಅಪಾಯ ಹೊಳೆದಿತ್ತೇ ಎಂಬುದು ಮುಖ್ಯವಲ್ಲ, ನೆಟ್ಟಗೆ ಯೋಚಿಸುವ ಯಾರಿಗಾದರೂ ಹೊಳೆಯುತ್ತಿತ್ತೇ ಎಂಬುದು ಮುಖ್ಯ ಎಂದಿತು.

ಲಂಡನ್ನಿನ ಫೋನ್ ಕರೆಯನ್ನು ಈ ಅಳತೆಗೆ ಹಿಡಿದರೆ ಉತ್ತರ ಸಿಗುತ್ತದೆ. ಇಂಗ್ಲಿಷ್ ಕಾನೂನಿನಲ್ಲಿ ಅಪಾಯಕಾರಿ ಕೃತ್ಯ ಎಂದರೆ ದೇಹಕ್ಕೆ ಪೆಟ್ಟು ಬೀಳುವ ಸಂಭವವಿರುವಂಥದ್ದು. ರೈಲಿನ ಮೇಲೆ ಕಲ್ಲು ಬಿದ್ದರೆ ಏನಾಗುತ್ತದೆಂದು ಯಾರು ಬೇಕಾದರೂ ಹೇಳಬಲ್ಲರು. ಒಂದು ಫೋನ್ ಕರೆಯನ್ನು ವರ್ಗಾಯಿಸಿದವರು ಮೂರು ದಿನಗಳಲ್ಲಿ ಸಾಯುತ್ತಾರೆಂದು ಮೊದಲೇ ಹೇಳಬಲ್ಲವರು ಯಾರೂ ಇರಲಿಲ್ಲ. ಆತ್ಮಹತ್ಯೆಯ ಹಿಂದೆ ಒಂದೇ ಕಾರಣ ಇರುವುದು ಅಪರೂಪ ಎಂಬುದನ್ನು ವೈದ್ಯರೂ ಹೇಳುತ್ತಾರೆ, ನ್ಯಾಯಾಲಯಗಳೂ ಒಪ್ಪುತ್ತವೆ. ದುಃಖ ಎಷ್ಟು ದೊಡ್ಡದಾದರೂ ಕ್ರಿಮಿನಲ್ ಕಾನೂನಿನ ಕೊಂಡಿ ಅಲ್ಲಿಗೆ ತುಂಡಾಯಿತು. ಈ ವಾದವನ್ನು ನಾನು ಒಪ್ಪುತ್ತೇನೆ. ಒಪ್ಪಿದರೂ ಸಮಾಧಾನ ಆಗುವುದಿಲ್ಲ ಎಂಬುದನ್ನೂ ಹೇಳಬೇಕು.

ಮಧ್ಯೆ ಇನ್ನೊಬ್ಬರ ಕೈ ಬಂದರೆ ಕೊಂಡಿ ತುಂಡಾಗುತ್ತದೆಯೇ? ಯಾವಾಗಲೂ ಇಲ್ಲ. 2017ರ ಡಿಸೆಂಬರ್ 28ರಂದು ಅಮೆರಿಕದ ಕಾನ್ಸಾಸ್ ರಾಜ್ಯದ ವಿಚಿಟಾ ನಗರದಲ್ಲಿ, ವಿಡಿಯೊ ಗೇಮಿನ ಒಂದೂವರೆ ಡಾಲರಿನ ಬಾಜಿಯ ಜಗಳ ಒಂದು ಜೀವ ತೆಗೆಯಿತು. ಜಗಳಗಂಟರಲ್ಲೊಬ್ಬ ಲಾಸ್ ಏಂಜಲಿಸ್‌ನ ಒಬ್ಬನಿಂದ ಪೊಲೀಸರಿಗೆ ಸುಳ್ಳು ಕರೆ ಮಾಡಿಸಿದ. ತಂದೆಯನ್ನು ಗುಂಡಿಟ್ಟು ಕೊಂದಿದ್ದೇನೆ, ಉಳಿದವರನ್ನು ಒತ್ತೆ ಇಟ್ಟುಕೊಂಡಿದ್ದೇನೆ ಎಂದು ಆತ ಹೇಳಿದ. ಕೊಟ್ಟ ವಿಳಾಸದಲ್ಲಿ ಇದ್ದದ್ದು ಆ ಆಟಕ್ಕೆ ಯಾವ ಸಂಬಂಧವೂ ಇಲ್ಲದ ಕುಟುಂಬ. ಹೊರಗೆ ದೀಪಗಳು ಮಿನುಗುತ್ತಿರುವುದೇಕೆ ಎಂದು ನೋಡಲು ಬಾಗಿಲಿಗೆ ಬಂದ 28 ವರ್ಷದ ಯುವಕನನ್ನು ಪೊಲೀಸರೊಬ್ಬರು ಗುಂಡಿಟ್ಟು ಕೊಂದರು. ಗುಂಡು ಹಾರಿಸಿದವರು ಬೇರೆ, ಆದರೂ ಕರೆ ಮಾಡಿದವನಿಗೆ 2019ರಲ್ಲಿ ಇಪ್ಪತ್ತು ವರ್ಷದ ಸೆರೆ ಆಯಿತು. ಕಾರಣ ಸರಳ. ಬಂದೂಕು ಹಿಡಿದ ಪೊಲೀಸರನ್ನು ಆ ಬಾಗಿಲಿಗೆ ತರಿಸುವುದೇ ಆ ಕರೆಯ ಕೆಲಸವಾಗಿತ್ತು. ಗುಂಡು ಹಾರಿಸಿದ ಅಧಿಕಾರಿಯ ಮೇಲೆ ಮೊಕದ್ದಮೆ ನಡೆಯಲಿಲ್ಲ. ಅದು ಸರಿಯೇ ಎಂಬ ಪ್ರಶ್ನೆ ಅಮೆರಿಕದಲ್ಲಿ ಇವತ್ತಿಗೂ ಕೆಲವರನ್ನು ಕಾಡುತ್ತಿದೆ.

ನಮ್ಮ ದೇಶಕ್ಕೆ ಬರೋಣ. 2024ರ ಜುಲೈ 1ರಿಂದ ಹಳೆಯ ಭಾರತೀಯ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕಲಂಗಳ ಸಂಖ್ಯೆ ಬದಲಾಗಿದೆ, ತಿರುಳು ಬಹುಪಾಲು ಹಳೆಯದೇ. ನರಹತ್ಯೆಯನ್ನು ವಿವರಿಸುವ 100ನೇ ಕಲಂ ತನ್ನ ಮೊದಲ ಉದಾಹರಣೆಯನ್ನು ಒಂದು ಗುಂಡಿಯಿಂದ ತೆಗೆದುಕೊಳ್ಳುತ್ತದೆ. ಒಬ್ಬ ಗುಂಡಿಯ ಮೇಲೆ ಕಡ್ಡಿ ಹಾಸಿ ಹುಲ್ಲುಹೆಂಟೆ ಮುಚ್ಚುತ್ತಾನೆ; ಗಟ್ಟಿ ನೆಲವೆಂದು ನಂಬಿ ಕಾಲಿಟ್ಟ ಇನ್ನೊಬ್ಬ ಬಿದ್ದು ಸಾಯುತ್ತಾನೆ. ಸಾಯಿಸುವ ಉದ್ದೇಶವಿದ್ದರೆ ಅದು ಅಪರಾಧ. ಉದ್ದೇಶ ಇಲ್ಲದಿದ್ದರೂ ಸಾವು ಸಂಭವಿಸಬಹುದೆಂಬ ಅರಿವಿದ್ದರೆ ಅದೂ ಅಪರಾಧ. ಉದ್ದೇಶ ಮತ್ತು ಅರಿವು ಎಂಬ ಈ ಎರಡು ಪದಗಳ ನಡುವಿನ ಅಂತರದಲ್ಲಿಯೇ ತಮಾಷೆಯ ಸಾವುಗಳ ಹಣೆಬರಹ ತೀರ್ಮಾನವಾಗುವುದು.

ಅರಿವಿತ್ತು ಎಂದು ಸಾಬೀತಾದರೆ 105ನೇ ಕಲಂ: ಹತ್ತು ವರ್ಷಗಳವರೆಗೆ ಸೆರೆ ಮತ್ತು ದಂಡ. ಅರಿವಿರಲಿಲ್ಲ, ಆದರೆ ಇರಬೇಕಿದ್ದ ಎಚ್ಚರ ಇರಲಿಲ್ಲ ಎಂದಾದರೆ 106ನೇ ಕಲಂ, ದುಡುಕು ಅಥವಾ ನಿರ್ಲಕ್ಷ್ಯದಿಂದಾದ ಸಾವು. ಹಳೆಯ ಸಂಹಿತೆಯಲ್ಲಿ ಇದಕ್ಕೆ ಗರಿಷ್ಠ ಎರಡು ವರ್ಷ ಇತ್ತು, ಈಗ ಐದು. ಸಾವಾಗದೆ ಗಾಯವಾದರೆ 125ನೇ ಕಲಂ ಇದೆ.

2024ರ ದೀಪಾವಳಿಯ ರಾತ್ರಿ, ಅಕ್ಟೋಬರ್ 31ರಂದು, ಬೆಂಗಳೂರಿನ ಕೋಣನಕುಂಟೆಯಲ್ಲಿ ಗೆಳೆಯರ ಗುಂಪೊಂದು 32 ವರ್ಷದ ಯುವಕನಿಗೆ ಸವಾಲು ಹಾಕಿತು. ಪಟಾಕಿ ಹಚ್ಚಿ ಮುಚ್ಚಿದ ಡಬ್ಬದ ಮೇಲೆ ಕುಳಿತರೆ ಆಟೊರಿಕ್ಷಾ ಕೊಡಿಸುತ್ತೇವೆ. ಎಲ್ಲರೂ ಕುಡಿದಿದ್ದರು ಎಂದು ವರದಿಯಾಯಿತು. ಆತ ಕುಳಿತ. ಸ್ಫೋಟದಲ್ಲಿ ಗಾಯಗೊಂಡು ಎರಡು ದಿನಗಳ ನಂತರ ಆಸ್ಪತ್ರೆಯಲ್ಲಿ ಮೃತಪಟ್ಟ. ಪೊಲೀಸರು ಆರು ಜನರನ್ನು ಬಂಧಿಸಿದರು. ಬೀದಿಯ ಸಿಸಿಟಿವಿಯ ದೃಶ್ಯ ಟಿವಿಗಳಲ್ಲಿ ಬಂದಿತ್ತು. ಬತ್ತಿ ಹೊತ್ತಿಕೊಂಡ ತಕ್ಷಣ ಸುತ್ತ ನಿಂತಿದ್ದವರು ಚದುರಿ ದೂರ ಓಡುತ್ತಾರೆ. ಡಬ್ಬದ ಮೇಲೆ ಆತನೊಬ್ಬನೇ ಉಳಿಯುತ್ತಾನೆ. ಸ್ಫೋಟವಾದ ಮೇಲೆ ಎಲ್ಲರೂ ಮರಳಿ ಬರುತ್ತಾರೆ.

ವಕೀಲರ ಕಣ್ಣಿನಿಂದ ನೋಡಿದರೆ ಆ ಓಟವೇ ಪ್ರಕರಣದ ಹೃದಯ. ಅಪಾಯವಿಲ್ಲ ಎಂದುಕೊಂಡವರು ಓಡುವುದೇಕೆ? ತಮ್ಮ ಮೈಗೆ ಅಪಾಯ ಎಂದು ಗೊತ್ತಿದ್ದದ್ದು ಡಬ್ಬದ ಮೇಲೆ ಕುಳಿತವನ ಮೈಗೆ ಅಪಾಯವಲ್ಲ ಎಂದು ಹೇಗೆ ವಾದಿಸುವುದು? ಪಟಾಕಿ ಹಚ್ಚಿದರೆ ಯಾರೇ ಆದರೂ ಹಿಂದೆ ಸರಿಯುತ್ತಾರೆ, ಅದು ರೂಢಿ, ಸಾವಿನ ಅರಿವಲ್ಲ ಎಂದು ಆರೋಪಿಗಳ ಪರ ವಕೀಲರು ಹೇಳಬಹುದು. ತೂಗಿ ನೋಡುವುದು ನ್ಯಾಯಾಲಯದ ಕೆಲಸ. ಆದರೆ ‘ಅವನೇ ಒಪ್ಪಿ ಕುಳಿತ’ ಎಂಬ ಮಾತಿಗೆ ಇಲ್ಲಿ ಅಷ್ಟು ಬಲ ಇಲ್ಲ. ಹದಿನೆಂಟು ದಾಟಿದವರ ಒಪ್ಪಿಗೆಯಿದ್ದರೆ ಸಣ್ಣಪುಟ್ಟ ನೋವಿಗೆ ರಕ್ಷಣೆ ಉಂಟು. ಕಾನೂನು ಕುಸ್ತಿ, ಕತ್ತಿವರಸೆಯಂಥ ಆಟಗಳಿಗೆ ಕೊಟ್ಟ ರಿಯಾಯಿತಿ ಅದು. ಸಾವು ಅಥವಾ ತೀವ್ರ ಗಾಯ ಆಗಬಹುದೆಂದು ಗೊತ್ತಿದ್ದೂ ಮಾಡಿದ ಕೃತ್ಯಕ್ಕೆ ಆ ರಿಯಾಯಿತಿ ಸಿಗುವುದಿಲ್ಲ.

ಅದೇ ವರ್ಷದ ಮಾರ್ಚಿನಲ್ಲಿ, ಬೆಂಗಳೂರಿನ ಸಂಪಿಗೆಹಳ್ಳಿಯ ಬೈಕ್ ಸರ್ವಿಸ್ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದವನು, ಬೈಕ್ ಬಿಡಲು ಬಂದ ಗೆಳೆಯನ ಮೇಲೆ ಗಾಳಿ ಹೊಡೆಯುವ ಪೈಪಿನಿಂದ ಕೀಟಲೆ ಮಾಡಿದ. ಮೊದಲು ಮುಖಕ್ಕೆ, ಆಮೇಲೆ ಗುದದ್ವಾರಕ್ಕೆ. ಕಂಪ್ರೆಸರಿನ ಗಾಳಿ ಒಂದೆರಡು ಸೆಕೆಂಡು ಹೊಕ್ಕರೂ ಕರುಳು ಹರಿದುಹೋಗುತ್ತದೆ. 24 ವರ್ಷದ ಆ ಯುವಕ ಬದುಕಲಿಲ್ಲ. ಇಂಥ ಸಾವುಗಳು ದೇಶದ ಬೇರೆ ಕೈಗಾರಿಕಾ ಊರುಗಳಿಂದಲೂ ವರದಿಯಾಗಿವೆ. ಬೈಕಿನ ಧೂಳು ಹಾರಿಸುವ ಗಾಳಿ ಮನುಷ್ಯನನ್ನು ಕೊಲ್ಲುತ್ತದೆಂದು ಎಷ್ಟು ಕೆಲಸಗಾರರಿಗೆ ಗೊತ್ತು? ಆ ಸಾವಿನ ಹೊತ್ತಿಗೆ ಹಳೆಯ ಸಂಹಿತೆಯೇ ಇತ್ತು; ಈಗಿನ ಕಲಂಗಳಲ್ಲಿ ಹೇಳುವುದಾದರೆ, ಗೊತ್ತಿಲ್ಲದಿದ್ದರೆ 105 ನಿಲ್ಲುವುದು ಕಷ್ಟ, 106 ನಿಲ್ಲುತ್ತದೆ. ಹಾಗಾಗಿ ಪ್ರತಿ ಗ್ಯಾರೇಜು, ಪ್ರತಿ ಗಿರಣಿಯ ಕಂಪ್ರೆಸರಿನ ಪಕ್ಕದಲ್ಲಿ ಕನ್ನಡದಲ್ಲಿ ದಪ್ಪಕ್ಷರದ ಎಚ್ಚರಿಕೆ ಬರೆದು ತೂಗುಹಾಕಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದರಿಂದ ಜೀವ ಉಳಿಯುತ್ತದೆ, ‘ಗೊತ್ತಿರಲಿಲ್ಲ’ ಎಂಬ ಮಾತಿಗೂ ಎಡೆ ಇರುವುದಿಲ್ಲ.

ಎದುರಿಗಿದ್ದವರ ದೇಹವೇ ದುರ್ಬಲವಾಗಿದ್ದರೆ? 2019ರ ನವೆಂಬರಿನಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರಾತ್ರಿ ಬಿಳಿ ಬಟ್ಟೆ ತೊಟ್ಟು ದೆವ್ವದ ವೇಷದಲ್ಲಿ ದಾರಿಹೋಕರನ್ನು ಹೆದರಿಸಿ ಯೂಟ್ಯೂಬ್ ವಿಡಿಯೊ ಮಾಡುತ್ತಿದ್ದ ಯುವಕರನ್ನು ಪೊಲೀಸರು ಬಂಧಿಸಿದ್ದರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಹೃದ್ರೋಗಿಯೊಬ್ಬರು ಎದುರಾಗಿದ್ದರೆ ಏನಾಗುತ್ತಿತ್ತು? ಕಾಯಿಲೆಯಿದ್ದವನಿಗೆ ಗಾಯ ಮಾಡಿ ಆತನ ಸಾವನ್ನು ಹತ್ತಿರ ತಂದರೆ, ಸಾವಿಗೆ ನೀನೇ ಕಾರಣ ಎನ್ನುತ್ತದೆ 100ನೇ ಕಲಮಿನ ವಿವರಣೆ. ಆದರೆ ಕಾರಣನಾಗುವುದು ಬೇರೆ, ಅಪರಾಧಿಯಾಗುವುದು ಬೇರೆ. ಕಾಯಿಲೆ ಗೊತ್ತಿಲ್ಲದವನಿಗೆ ಸಾವಿನ ಅರಿವಿತ್ತು ಎಂದು ತೋರಿಸುವುದು ಸುಲಭವಲ್ಲ. ಹಾಗೆಂದು ಅಪರಿಚಿತರನ್ನು ಕತ್ತಲಲ್ಲಿ ಅಡ್ಡಗಟ್ಟುವವನು ಪೂರ್ತಿ ಪಾರಾಗುತ್ತಾನೆ ಎಂದೂ ಅಲ್ಲ. ಯಾರು ಎದುರಾಗುತ್ತಾರೋ ತಿಳಿಯದಿರುವುದೇ ಅವನ ನಿರ್ಲಕ್ಷ್ಯಕ್ಕೆ ಸಾಕ್ಷಿಯಾಗಬಹುದು.

ಇನ್ನು ಲಂಡನ್ನಿನ ಆ ನರ್ಸ್ ಸಾವಿನಂಥದ್ದು ಇಲ್ಲಿಯೇ ಆಗಿದ್ದರೆ? ಜನ ಮೊದಲು ನೆನೆಯುವುದು ಆತ್ಮಹತ್ಯೆಗೆ ಪ್ರಚೋದನೆಯ 108ನೇ ಕಲಮನ್ನು, ಅಂದರೆ ಹಳೆಯ 306ನ್ನು. ಸುಪ್ರೀಂ ಕೋರ್ಟ್ 2001ರ ರಮೇಶ್ ಕುಮಾರ್ ಪ್ರಕರಣದಿಂದೀಚೆಗೆ ಮತ್ತೆ ಮತ್ತೆ ಹೇಳಿರುವುದು ಏನೆಂದರೆ, ಪ್ರಚೋದನೆ ಎಂದರೆ ಆ ಕೊನೆಯ ಹೆಜ್ಜೆಯತ್ತ ದೂಡುವ, ಹುರಿದುಂಬಿಸುವ ಮನಸ್ಸು ಬೇಕು. ಪರಿಣಾಮ ಬಯಸದೆ ಆಡಿದ ಮಾತು ಪ್ರಚೋದನೆಯಾಗದು. ಒಂದು ದಿನದ ಕುಚೋದ್ಯ ಈ ಕಲಮಿನಡಿ ನಿಲ್ಲುವುದು ಕಷ್ಟ. ದಿನದಿನವೂ ಅದೇ ವ್ಯಕ್ತಿಯನ್ನು ಗುರಿಯಾಗಿಸಿ ಬೇರೆ ದಾರಿಯೇ ಕಾಣದಂತೆ ಮಾಡಿದ್ದರೆ ಮಾತು ಬೇರೆ. ಕಾಲೇಜು, ಹಾಸ್ಟೆಲುಗಳ ವಿಷಯದಲ್ಲಿ 1983ರ ಕರ್ನಾಟಕ ಶಿಕ್ಷಣ ಕಾಯ್ದೆ ಇನ್ನೂ ನೇರವಾಗಿದೆ. ಕುಚೋದ್ಯಕ್ಕಾಗಿಯಾಗಲಿ ಬೇರೆ ಕಾರಣಕ್ಕಾಗಲಿ ವಿದ್ಯಾರ್ಥಿಯ ಘನತೆ ಕುಂದಿಸುವ ಕೆಲಸ ಮಾಡಿಸಿದರೆ ಅದು ರ‍್ಯಾಗಿಂಗ್ ಎಂದು ಅದರ ವ್ಯಾಖ್ಯೆ ಹೇಳುತ್ತದೆ. ‘ಸುಮ್ಮನೆ ತಮಾಷೆ’ ಎಂಬ ಉತ್ತರವನ್ನು ಶಾಸಕರು ಮೊದಲೇ ಊಹಿಸಿ ಆ ಬಾಗಿಲನ್ನು ಮುಚ್ಚಿದ್ದಾರೆ.

ಮಕ್ಕಳ ವಿಷಯವನ್ನು ಚುಟುಕಾಗಿ ಹೇಳುವುದಾದರೆ, ಏಳು ತುಂಬದ ಮಗು ಮಾಡಿದ್ದು ಅಪರಾಧವೇ ಅಲ್ಲ. ಏಳರಿಂದ ಹನ್ನೆರಡರವರೆಗೆ ಆ ಮಗುವಿಗೆ ತಿಳಿವಳಿಕೆ ಬಂದಿತ್ತೇ ಎಂದು ನೋಡುತ್ತಾರೆ. ಹದಿನೆಂಟರವರೆಗೆ ಬಾಲನ್ಯಾಯ ಮಂಡಳಿ. ಕುಟುಂಬಕ್ಕೆ ಪರಿಹಾರ ಕೇಳುವ ಸಿವಿಲ್ ದಾರಿ 1855ರ ಮಾರಕ ಅಪಘಾತಗಳ ಕಾಯ್ದೆಯಿಂದಲೂ ತೆರೆದೇ ಇದೆ. ಜೈಲು ಶಿಕ್ಷೆಯಾಗದಿದ್ದರೂ ಈ ದಾವೆ ಗೆಲ್ಲಬಹುದು, ಏಕೆಂದರೆ ಇಲ್ಲಿ ಬೇಕಾದ ಸಾಬೀತಿನ ಮಟ್ಟ ಕಡಿಮೆ. ಬಡ ಕುಟುಂಬಗಳಿಗೆ ಈ ದಾರಿಯ ಬಗ್ಗೆ ಯಾರೂ ಹೇಳುವುದಿಲ್ಲ ಎಂಬುದು ನನ್ನ ಬೇಸರ.

ಮತ್ತೆ ಸಿಡ್ನಿಗೆ ಹೋಗೋಣ, ಏಕೆಂದರೆ ಅಲ್ಲಿನ ಕಥೆ ಲಂಡನ್ನಿನ ‘ಮೊಕದ್ದಮೆ ಇಲ್ಲ’ ಎಂಬಲ್ಲಿಗೆ ಮುಗಿಯಲಿಲ್ಲ. ಆಸ್ಟ್ರೇಲಿಯಾದ ಪ್ರಸಾರ ನಿಯಂತ್ರಣ ಪ್ರಾಧಿಕಾರ ಬೇರೊಂದು ಎಳೆ ಹಿಡಿಯಿತು. ನ್ಯೂ ಸೌತ್ ವೇಲ್ಸ್ ರಾಜ್ಯದ 2007ರ ಕಾಯ್ದೆಯ ಪ್ರಕಾರ, ಒಪ್ಪಿಗೆಯಿಲ್ಲದೆ ಮುದ್ರಿಸಿದ ಖಾಸಗಿ ಮಾತುಕತೆಯನ್ನು ಪ್ರಕಟಿಸುವುದು ಅಪರಾಧ. ಪ್ರಸಾರ ಸೇವೆಯನ್ನು ಅಪರಾಧಕ್ಕೆ ಬಳಸಬಾರದು ಎಂಬುದು ರೇಡಿಯೊ ಪರವಾನಗಿಯ ಷರತ್ತು. ಹಾಗಾಗಿ ಪರವಾನಗಿಯ ಉಲ್ಲಂಘನೆಯಾಗಿದೆ ಎಂದಿತು ಪ್ರಾಧಿಕಾರ. ಕ್ರಿಮಿನಲ್ ನ್ಯಾಯಾಲಯ ನಮ್ಮನ್ನು ಅಪರಾಧಿ ಎನ್ನದೆ ನೀವು ಹಾಗೆ ಹೇಳುವಂತಿಲ್ಲ ಎಂದು ನಿಲ್ದಾಣ ಕೋರ್ಟಿಗೆ ಹೋಯಿತು. ಒಂದು ಹಂತದಲ್ಲಿ ಸೋತು, ಮೇಲಿನ ಹಂತದಲ್ಲಿ ಗೆದ್ದಿತು. ಕೊನೆಗೆ 2015ರ ಮಾರ್ಚ್ 4ರಂದು ದೇಶದ ಅತ್ಯುನ್ನತ ನ್ಯಾಯಾಲಯ ಒಮ್ಮತದಿಂದ ಪ್ರಾಧಿಕಾರದ ಪರ ತೀರ್ಪು ಕೊಟ್ಟಿತು. ನಿಲ್ದಾಣದ ಮಾಲೀಕ ಸಂಸ್ಥೆ ಕುಟುಂಬಕ್ಕಾಗಿ ಐದು ಲಕ್ಷ ಆಸ್ಟ್ರೇಲಿಯನ್ ಡಾಲರ್ ಕೊಟ್ಟಿತ್ತು. ತೀರ್ಪಿನ ನಂತರ ಮಾಧ್ಯಮ ನೀತಿಯ ಬಗ್ಗೆ ಮೂರು ಗಂಟೆಗಳ ಕಾರ್ಯಕ್ರಮ ಪ್ರಸಾರ ಮಾಡಬೇಕಾಯಿತು. ಪರವಾನಗಿ ಮಾತ್ರ ಹೋಗಲಿಲ್ಲ.

ನಿಲ್ದಾಣ ಸಿಕ್ಕಿಬಿದ್ದದ್ದು ಒಪ್ಪಿಗೆಯ ಮೇಲೆ. ನೇರಪ್ರಸಾರದಲ್ಲಿ ಬಾಯಿತಪ್ಪಿ ಆದ ಅಚಾತುರ್ಯ ಅದಾಗಿರಲಿಲ್ಲ. ಕರೆಯನ್ನು ಮೊದಲು ಮುದ್ರಿಸಿಕೊಂಡಿದ್ದರು. ಪ್ರಸಾರಕ್ಕೆ ಮುನ್ನ ಸಂಸ್ಥೆಯೊಳಗೆ ಅದರ ಪರಿಶೀಲನೆ ನಡೆದಿತ್ತು. ಸೇತುವೆಯ ಕಟ್ಟೆಯ ಮೇಲೆ ಕಲ್ಲು ಇನ್ನೂ ನಿಂತಿದ್ದ ಹೊತ್ತಿನಂತೆ, ಪಟಾಕಿಯ ಬತ್ತಿಗೆ ಬೆಂಕಿ ತಗಲುವ ಮುಂಚಿನ ಹೊತ್ತಿನಂತೆ, ನಿಲ್ದಾಣದ ಕೈಯಲ್ಲಿ ಕೆಲವು ಗಂಟೆಗಳಿದ್ದವು. ಆ ಗಂಟೆಗಳು ಕಳೆದು ಧ್ವನಿಮುದ್ರಣ ಗಾಳಿಗೆ ಹೋದಾಗ, ಅದರಲ್ಲಿ ದನಿಯಿದ್ದ ಇಬ್ಬರು ನರ್ಸ್‌ಗಳ ಒಪ್ಪಿಗೆ ನಿಲ್ದಾಣದ ಬಳಿ ಇರಲಿಲ್ಲ.